ಹಿಂಬಾಗಿಲ ರಿಪೇರಿ: ಎಲ್ಲಿಗೆ ಪೈನ್, ಎಲ್ಲಿಗೆ ತೇಗ

ಹಿಂಬಾಗಿಲಿನ ಕದ ಕೆಳಗೆ ಉಜ್ಜುತ್ತಿತ್ತು. ಚಿಲಕ ಕೂರುತ್ತಿರಲಿಲ್ಲ. ಕದ ಇಳಿಸಿ, ಚೌಕಟ್ಟಿನ ಬುಡದ ಬಣ್ಣ ಕೆರೆದಾಗ ಕಾರಣ ಕಾಣಿಸಿತು. ಚೌಕಟ್ಟಿನ ಎರಡು ನಿಲುವುಗಳು ಪೈನ್. ಹೊಸ್ತಿಲು ಬೀಚ್. ಸ್ಕ್ರೂಡ್ರೈವರಿನ ತುದಿ ಇಟ್ಟು ಒತ್ತಿದರೆ ಬೆಣ್ಣೆಯ ಹಾಗೆ ಒಳಗೆ ಹೋಗಿದ್ದು ಬೀಚ್‌ನಲ್ಲಿ. ಹೊಸ್ತಿಲು ಉದ್ದಕ್ಕೂ ಲಡ್ಡು ಹಿಡಿದಿತ್ತು. ಪೈನ್ ನಿಲುವುಗಳು ಕೆಳಗಿನ ಒಂದು ಗೇಣಷ್ಟು ಮಾತ್ರ ಮೆತ್ತಗಾಗಿದ್ದವು. ಅದರ ಮೇಲೆ ಮರ ಚೆನ್ನಾಗಿತ್ತು. ಉಳಿ ಹಾಕಿದರೆ ಇನ್ನೂ ರಾಳದ ವಾಸನೆ ಬರುತ್ತಿತ್ತು.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಬಾಗಿಲು, ಕಿಟಕಿ ಅಂದ ತಕ್ಷಣ ‘ಹಾರ್ಡ್‌ವುಡ್ ಹಾಕಿ, ಬಾಳಿಕೆ ಬರುತ್ತೆ’ ಅನ್ನೋ ಸಲಹೆ ಸುಲಭವಾಗಿ ಸಿಗುತ್ತದೆ. ಇಲ್ಲಿ ಹಾರ್ಡ್‌ವುಡ್ ಹಾಕಿದ್ದೇ ಮೊದಲು ಕೊಳೆತಿತ್ತು. ಬೀಚ್ ಕೆಟ್ಟ ಮರ ಅಲ್ಲ. ಮೇಜಿಗೆ, ಕುರ್ಚಿಗೆ, ಉಪಕರಣದ ಹಿಡಿಗೆ ಅದು ಬಹಳ ಒಳ್ಳೆಯದು. ನೀರು ನಿಲ್ಲುವ ಜಾಗ ಮಾತ್ರ ಅದರದ್ದಲ್ಲ.

ಎರಡು ಗುಂಪು ಹೇಗೆ ಬೇರೆ ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾಫ್ಟ್‌ವುಡ್, ಹಾರ್ಡ್‌ವುಡ್ ಅನ್ನೋದು ಮರದ ಕುಲಕ್ಕೆ ಸಂಬಂಧಿಸಿದ್ದು, ಗಟ್ಟಿತನಕ್ಕಲ್ಲ. ಪೈನ್, ಸ್ಪ್ರೂಸ್, ಫರ್, ಲಾರ್ಚ್, ದೇವದಾರು, ಯೂ ಇವೆಲ್ಲ ಸಾಫ್ಟ್‌ವುಡ್. ಹೂ ಬಿಟ್ಟು ಕಾಯಿ ಕಟ್ಟುವ ಅಗಲ ಎಲೆಯ ಮರಗಳು, ಅಂದರೆ ತೇಗ, ಓಕ್, ಬೀಚ್, ಹಲಸು, ಮಾವು, ಇವು ಹಾರ್ಡ್‌ವುಡ್. ಬಾಲ್ಸಾ ಕೂಡ ಹಾರ್ಡ್‌ವುಡ್ಡೇ. ಒಂದು ಘನ ಮೀಟರ್ ಬಾಲ್ಸಾ ಸುಮಾರು 160 ಕೆ.ಜಿ. ತೂಗುತ್ತದೆ. ಸಾಫ್ಟ್‌ವುಡ್ ಗುಂಪಿನ ಯೂ 650 ಕೆ.ಜಿ.ಗೂ ಜಾಸ್ತಿ.

ಕೈಯಲ್ಲಿರುವ ತುಂಡು ಯಾವ ಗುಂಪಿನದು ಎಂದು ತಿಳಿಯಬೇಕಾದರೆ ಅದರ ತುದಿಯನ್ನು ಹರಿತವಾದ ಉಳಿಯಿಂದ ತೆಳ್ಳಗೆ ಸವರಿ, ಭೂತಗನ್ನಡಿಯಲ್ಲಿ ನೋಡಿ. ಹಾರ್ಡ್‌ವುಡ್‌ನಲ್ಲಿ ನೀರು ಸಾಗಿಸಲೆಂದೇ ಬೇರೆ ಕೊಳವೆಗಳಿರುತ್ತವೆ. ಅವು ಸಣ್ಣ ತೂತುಗಳಂತೆ ಕಾಣುತ್ತವೆ. ಓಕ್‌ನಲ್ಲಿ, ತೇಗದಲ್ಲಿ ದೊಡ್ಡ ತೂತುಗಳು ಉಂಗುರದ ಗುಂಟ ಸಾಲುಗಟ್ಟಿರುತ್ತವೆ. ಬೀಚ್‌ನಲ್ಲಿ ಚಿಕ್ಕ ತೂತುಗಳು ಎಲ್ಲ ಕಡೆ ಚದುರಿರುತ್ತವೆ. ಪೈನ್‌ನಲ್ಲಿ ಇಂಥ ತೂತುಗಳೇ ಇಲ್ಲ. ಅಲ್ಲಿ 3–4 ಮಿ.ಮೀ. ಉದ್ದದ ಎಳೆಗಳೇ ನೀರನ್ನೂ ಸಾಗಿಸುತ್ತವೆ, ಮರವನ್ನೂ ನಿಲ್ಲಿಸುತ್ತವೆ. ಅಲ್ಲೊಂದು ಇಲ್ಲೊಂದು ರಾಳದ ಚುಕ್ಕೆ ಕಾಣಬಹುದು. ಹಳೆ ಹೊಸ್ತಿಲು ಬೀಚ್ ಎಂದು ಗೊತ್ತಾಗಿದ್ದೂ ಹೀಗೆಯೇ. ಜೊತೆಗೆ ಅದರ ಮುಖದ ಮೇಲೆ ಕಂದು ಬಣ್ಣದ ಚಿಕ್ಕ ಗೀರುಗಳಿದ್ದವು.

ಗಟ್ಟಿತನ ಬೇರೆ, ಬಾಳಿಕೆ ಬೇರೆ

ಮರದ ಗಟ್ಟಿತನ ಅಳೆಯಲು ಜಾಂಕಾ ಪರೀಕ್ಷೆ ಇದೆ. 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಅದರ ಅರ್ಧದಷ್ಟು ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಎಂದು ನೋಡುತ್ತಾರೆ. ಅಮೆರಿಕದ ಬಿಳಿ ಪೈನ್‌ಗೆ ಸುಮಾರು 1,700 ನ್ಯೂಟನ್ ಸಾಕು. ತೇಗಕ್ಕೆ 4,700ರ ಆಸುಪಾಸು. ಬೀಚ್‌ಗೆ 6,000ಕ್ಕೂ ಮೇಲೆ. ಗಟ್ಟಿತನದಲ್ಲಿ ಬೀಚ್ ತೇಗವನ್ನು ಮೀರಿಸುತ್ತದೆ.

ಈಗ ಕೊಳೆತಕ್ಕೆ ಬನ್ನಿ. ಯುರೋಪಿನ ಇಎನ್ 350 ಮಾನದಂಡ ಮರಗಳನ್ನು ಶಿಲೀಂಧ್ರದ ವಿರುದ್ಧ ತಾಳುವ ಶಕ್ತಿಯ ಮೇಲೆ 5 ದರ್ಜೆಗಳಾಗಿ ವಿಂಗಡಿಸುತ್ತದೆ. 1 ಅತ್ಯುತ್ತಮ, 5 ಅತಿ ಕಡಿಮೆ. ಕಾಡಿನ ತೇಗ 1ರಲ್ಲಿದೆ. ಪೈನ್‌ನ ಚೇಗು, ಅಂದರೆ ನಡುವಿನ ಬಲಿತ ಮರ, 3–4ರಲ್ಲಿ. ಸ್ಪ್ರೂಸ್ 4. ಬೀಚ್ 5. ಅಂದರೆ ಬರೀ ಬಾಳಿಕೆಯನ್ನು ನೋಡಿದರೆ ಬೀಚ್‌ಗಿಂತ ಪೈನ್ ಮೇಲು! ನನ್ನ ಮುಂದಿದ್ದ ಚೌಕಟ್ಟು ಹೇಳುತ್ತಿದ್ದುದೂ ಅದನ್ನೇ.

ಇದಕ್ಕೆ ಕಾರಣ ಮರದ ನಡುಭಾಗದಲ್ಲಿದೆ. ಒಳಗಿನ ಮರ ಚೇಗಾಗುವಾಗ ಅದರಲ್ಲಿ ಕೆಲವು ರಾಸಾಯನಿಕಗಳು ಸೇರಿಕೊಳ್ಳುತ್ತವೆ. ಕೊಳೆತವನ್ನೂ ಹುಳುವನ್ನೂ ತಡೆಯೋದು ಅವೇ. ತೇಗದಲ್ಲಿರುವ ಟೆಕ್ಟೋಕ್ವಿನೋನ್ ಗೆದ್ದಲಿಗೆ ಆಗಿಬರುವುದಿಲ್ಲ. ತೊಗಟೆಯ ಪಕ್ಕದ ಬಿಳಿ ಭಾಗದಲ್ಲಿ ಇವು ಇರುವುದಿಲ್ಲ. ಆದ್ದರಿಂದ ಯಾವ ಮರವಾದರೂ ಬಿಳಿ ಭಾಗಕ್ಕೆ 5ನೇ ದರ್ಜೆಯೇ. ತೇಗದ್ದಾದರೂ ಅಷ್ಟೇ. ಬೇಗ ಬೆಳೆಸಿ ಎಳೆಯದರಲ್ಲೇ ಕಡಿದ ತೋಟದ ತೇಗವೂ ಕಾಡಿನ ತೇಗದಷ್ಟು ತಾಳುತ್ತದೆ ಎಂದು ಭಾವಿಸಬಾರದು. ಹೆಸರು ಕೇಳಿ ಮರ ಕೊಂಡರೆ ಸಾಲದು, ಯಾವ ಭಾಗ ಎಂದು ತುದಿ ನೋಡಿಯೇ ಆರಿಸಬೇಕು.

ಶಿಲೀಂಧ್ರ ಬೆಳೆಯಬೇಕಾದರೆ ಮರದಲ್ಲಿ ಶೇ. 20ಕ್ಕಿಂತ ಜಾಸ್ತಿ ತೇವ ಇರಬೇಕು. ಮಳೆ ಬಿದ್ದರೂ ಬೇಗ ಒಣಗುವ ಜಾಗದಲ್ಲಿ ಸಾಧಾರಣ ಪೈನ್ ಕೂಡ ದಶಕಗಟ್ಟಲೆ ಬಾಳುತ್ತದೆ. ನೀರು ಸಿಕ್ಕಿಕೊಂಡು ಕೂರುವ ಮೂಲೆಯಲ್ಲಿ ಒಳ್ಳೆಯ ಮರಕ್ಕೂ ಕಷ್ಟ. ಹಾಗಾಗಿ ನಾನು ಇಡೀ ಬಾಗಿಲಿಗೆ ಒಂದೇ ಮರ ಎಂದು ಯೋಚಿಸಲಿಲ್ಲ. ಪ್ರತಿ ತುಂಡನ್ನೂ ಕೈಯಲ್ಲಿ ಹಿಡಿದು, ಇಲ್ಲಿ ನೀರು ನಿಲ್ಲುತ್ತಾ, ಕಾಲು ಸವೆಸುತ್ತಾ, ಭಾರ ಬೀಳುತ್ತಾ, ಇದು ಹಿಗ್ಗಿದರೆ ಯಾವುದಕ್ಕೆ ತಾಗುತ್ತೆ ಎಂದು ಕೇಳಿಕೊಂಡೆ.

ಹೊಸ್ತಿಲಿಗೆ ನೀರೂ ಬೀಳುತ್ತದೆ, ಕಾಲೂ ಬೀಳುತ್ತದೆ. ಅದಕ್ಕೆ ತೇಗದ ಚೇಗು. ನಿಲುವುಗಳ ಬುಡಕ್ಕೂ ಅದೇ. ಮೇಲಿನ ಹಳೆ ಪೈನ್ ಹಾಗೇ ಉಳಿಯಲಿ, ಅದನ್ನು ಕಿತ್ತು ಎಸೆಯುವುದು ಅನ್ಯಾಯ. ಹೊಸ ಕದ ಪೈನ್‌ನಲ್ಲಿ. ಅದರ ಕೆಳಗಿನ ನೀರಿಳಿಸುವ ಪಟ್ಟಿ ಮಾತ್ರ ತೇಗ.

ಬಾಗಿಲ ಮೇಲಿನ ತೊಲೆ ಸ್ಪ್ರೂಸ್. ಅದನ್ನು ಮುಟ್ಟಲಿಲ್ಲ. ಒಣಗಿದ ಜಾಗ, ಬಿರುಕಿಲ್ಲ, ಬಗ್ಗಿಲ್ಲ. ತೊಲೆ, ಜಂತೆ, ಛಾವಣಿಯ ಕೆಲಸಕ್ಕೆ ಸಾಫ್ಟ್‌ವುಡ್ ಹೇಳಿ ಮಾಡಿಸಿದ್ದು. ಉದ್ದುದ್ದ ನೇರ ನಾಟಾ ಸಿಗುತ್ತದೆ, ತೂಕ ಕಡಿಮೆ, ಆ ತೂಕಕ್ಕೆ ಬಿಗಿತ, ಅಂದರೆ ಬಗ್ಗದೆ ನಿಲ್ಲುವ ಗುಣ, ಜಾಸ್ತಿ. ಕಟ್ಟಡಕ್ಕೆ ದರ್ಜೆ ಹಾಕುವಾಗ ಸಿ24 ಎಂದು ಗುರುತಿಸಿದ ಸಾಫ್ಟ್‌ವುಡ್‌ನ ಬಿಗಿತ ಸರಾಸರಿ ಪ್ರತಿ ಚದರ ಮಿ.ಮೀ.ಗೆ 11,000 ನ್ಯೂಟನ್. ತೊಲೆ ಬಗ್ಗುತ್ತದೆ ಅನ್ನಿಸಿದರೆ ಮರ ಬದಲಿಸುವ ಮೊದಲು ಅದರ ಎತ್ತರ ನೋಡಿ. ಅಗಲವನ್ನು ಎರಡು ಪಟ್ಟು ಮಾಡಿದರೆ ಬಿಗಿತ ಎರಡು ಪಟ್ಟಾಗುತ್ತದೆ. ಎತ್ತರವನ್ನು ಎರಡು ಪಟ್ಟು ಮಾಡಿದರೆ ಎಂಟು ಪಟ್ಟು. ಯಾವ ಹಾರ್ಡ್‌ವುಡ್ ಹಾಕಿದರೂ ಅಷ್ಟು ಲಾಭ ಸಿಗುವುದಿಲ್ಲ.

ಮೋಪು ಆರಿಸಿದ್ದು

ಪೈನ್ ರಾಶಿಯಲ್ಲಿ ಉಂಗುರಗಳು ಒತ್ತೊತ್ತಾಗಿರುವ, ಎಳೆ ನೇರವಾಗಿ ಓಡಿರುವ ತುಂಡುಗಳನ್ನೇ ತೆಗೆದಿಟ್ಟೆ. ಮರದ ನಟ್ಟನಡುವಿನ ತಿರುಳು ಇದ್ದರೆ ಅದು ಬೇಡ, ಒಣಗಿದಂತೆ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಚಿಕ್ಕ ಗಂಟುಗಳು ಸುತ್ತಲಿನ ಮರದ ಜೊತೆ ಬೆಸೆದುಕೊಂಡಿದ್ದರೆ ತೊಂದರೆ ಇಲ್ಲ. ಸುತ್ತ ಕಪ್ಪು ಗೆರೆ ಇರುವ ಸತ್ತ ಗಂಟು ಒಂದಲ್ಲ ಒಂದು ದಿನ ಕಳಚಿ ಬೀಳುತ್ತದೆ. ಎರಡು ತುಂಡು ಸೇರುವ ಕೂಡುಗಳು ಬರುವ ಕಡೆ ಯಾವ ಗಂಟೂ ಇರಬಾರದು.

ಇನ್ನೊಂದು ಮುಖ್ಯ ಸಂಗತಿ ಉಂಗುರಗಳ ದಿಕ್ಕು. ಮರ ಒಣಗುವಾಗ ಉಂಗುರದ ಗುಂಟ ಕುಗ್ಗುವುದು ಜಾಸ್ತಿ, ಉಂಗುರಕ್ಕೆ ಅಡ್ಡ ಸುಮಾರು ಅದರ ಅರ್ಧ. ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಹಲಗೆಯ ತುದಿಯಲ್ಲಿ ಉಂಗುರದ ಗೆರೆಗಳು ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಅದು ಕಡಿಮೆ ಆಡುತ್ತದೆ, ಬಟ್ಟಲಿನಂತೆ ಬಾಗುವುದಿಲ್ಲ. ಕದದ ಉದ್ದಪಟ್ಟಿಗಳಿಗೆ ಅಂಥ ಕೊಯ್ತದವನ್ನೇ ಹುಡುಕಿ ತೆಗೆದೆ. ಇದಕ್ಕೆ ಸಮಯ ಹಿಡಿಯುತ್ತದೆ. ಆದರೆ ಇಡೀ ಕೆಲಸದಲ್ಲಿ ಇಷ್ಟು ಫಲ ಕೊಡುವ ಸಮಯ ಇನ್ನೊಂದಿಲ್ಲ.

ತೇವ ಪರೀಕ್ಷಿಸಲು ಮೀಟರ್ ಇದೆ. ಆದರೂ ತೂಕದ ಲೆಕ್ಕವೇ ನನಗೆ ನಂಬಿಕೆ. ತುಂಡಿನ ತುದಿಯನ್ನು ಬಿಟ್ಟು ಒಳಗಿನಿಂದ ಒಂದು ಚೂರು ಕತ್ತರಿಸಿ ತೂಗಿದೆ, 86 ಗ್ರಾಂ. 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿದೆ, 76 ಗ್ರಾಂ. ಹೋದ 10 ಗ್ರಾಂ ಅನ್ನು ಒಣ ತೂಕ 76ರಿಂದ ಭಾಗಿಸಿದರೆ ಶೇ. 13. ಹೊರಗೆ ತೆರೆದ ಬಾಗಿಲಿಗೆ ಇದು ಸರಿಯಾದ ಮಟ್ಟ. ಸದಾ ಒಣಗಿರುವ ಕೋಣೆಯೊಳಗಿನ ಕೆಲಸಕ್ಕೆ ಶೇ. 8ರಿಂದ 12 ಇರಬೇಕು.

ನಿಲುವಿನ ಬುಡ

ನಿಲುವು 100 × 75 ಮಿ.ಮೀ. ಕೊಳೆತ ಭಾಗದಿಂದ ಮೇಲೆ ಗಟ್ಟಿ ಮರ ಸಿಕ್ಕ ನಂತರವೂ ಇನ್ನಷ್ಟು ಮೇಲಕ್ಕೆ ಹೋಗಿ ಕೊಯ್ದೆ. ಕಣ್ಣಿಗೆ ಚೆನ್ನಾಗಿ ಕಾಣುವ ಮರದೊಳಗೂ ಶಿಲೀಂಧ್ರದ ಎಳೆಗಳು ಹಬ್ಬಿರುತ್ತವೆ. ಆಮೇಲೆ ಹಳೆ ಪೈನ್‌ನಲ್ಲಿ ಅರ್ಧ ದಪ್ಪ, ಹೊಸ ತೇಗದಲ್ಲಿ ಅರ್ಧ ದಪ್ಪ ಕತ್ತರಿಸಿ 200 ಮಿ.ಮೀ. ಉದ್ದಕ್ಕೆ ಒಂದರ ಮೇಲೊಂದು ಕೂರುವಂತೆ ಮಾಡಿದೆ. ಎರಡೂ ತುದಿಗಳನ್ನು ಹೊರಮುಖಕ್ಕೆ ಇಳಿಜಾರಾಗಿ ಕೊಯ್ದಿದ್ದೇನೆ. ಗೋಡೆಯ ಗುಂಟ ಇಳಿದ ನೀರು ಸಂದಿಗೆ ನುಗ್ಗದೆ ಹೊರಗೆ ಜಾರಬೇಕು.

ಎರಡು ಬೇರೆ ಮರಗಳನ್ನು ಹೀಗೆ ಸೇರಿಸಬಹುದಾ ಅನ್ನೋ ಪ್ರಶ್ನೆ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಹಸಿ ಮರ ಪೂರ್ತಿ ಒಣಗುವಷ್ಟರಲ್ಲಿ ಉಂಗುರದ ಗುಂಟ ಪೈನ್ ಸುಮಾರು ಶೇ. 8 ಕುಗ್ಗುತ್ತದೆ, ತೇಗ ಶೇ. 5ರಿಂದ 6, ಬೀಚ್ ಸುಮಾರು ಶೇ. 12. ಈ ಕುಗ್ಗುವಿಕೆ ತೇವ ಶೇ. 30ರಿಂದ ಸೊನ್ನೆಗೆ ಇಳಿಯುವಾಗ ಆಗುವಂಥದ್ದು. ವರ್ಷದಲ್ಲಿ ತೇವ ಶೇ. 4 ಏರಿಳಿದರೆ 100 ಮಿ.ಮೀ. ಅಗಲದ ಪೈನ್ ಒಂದು ಮಿ.ಮೀ.ನಷ್ಟು ಆಡುತ್ತದೆ, ತೇಗ ಮುಕ್ಕಾಲು. ವ್ಯತ್ಯಾಸ ಕಾಲು ಮಿ.ಮೀ. ಅಂಟು ಇದನ್ನು ತಡೆದುಕೊಳ್ಳುತ್ತದೆ. ಬುಡಕ್ಕೆ ಬೀಚ್ ಹಾಕಿದ್ದರೆ ಅದು ಒಂದೂವರೆ ಮಿ.ಮೀ. ಆಡುತ್ತಿತ್ತು. ಕೊಳೆತವಷ್ಟೇ ಅಲ್ಲ, ಆಟದ ಲೆಕ್ಕದಲ್ಲೂ ತೇಗವೇ ವಾಸಿ. ಎಳೆಗಳು ಎರಡರಲ್ಲೂ ಒಂದೇ ದಿಕ್ಕಿಗೆ ಇರಬೇಕು, ಅಷ್ಟು ನೋಡಿಕೊಂಡರೆ ಆಯಿತು.

ತೇಗದಲ್ಲಿ ಎಣ್ಣೆ ಅಂಶ ಇದೆ. ಅಂಟು ಹಚ್ಚುವ ಸ್ವಲ್ಪ ಮೊದಲು ಆ ಮುಖವನ್ನು ಹೊಸದಾಗಿ ಉಜ್ಜುಗೊರಡಿನಿಂದ ಸವರಿ, ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಅದು ಆರಿದ ತಕ್ಷಣ ಅಂಟು ಹಚ್ಚಬೇಕು. ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ನಾನು ಎಪಾಕ್ಸಿ ಬಳಸಿದೆ. ಕ್ಲ್ಯಾಂಪ್ ಅನ್ನು ಅತಿಯಾಗಿ ಬಿಗಿಯಲಿಲ್ಲ, ಎಪಾಕ್ಸಿ ಎಲ್ಲ ಹೊರಗೆ ಬಂದುಬಿಟ್ಟರೆ ಕೂಡಿನೊಳಗೆ ಅಂಟು ಸಾಲದೆ ಹಿಡಿತ ಕಡಿಮೆಯಾಗುತ್ತದೆ.

ಹೊಸ್ತಿಲಿನ ಮೇಲ್ಮೈಗೆ ಹೊರಗಡೆ ಇಳಿಜಾರು ಕೊಟ್ಟೆ. ಅಡಿಯಲ್ಲಿ ಹೊರ ಅಂಚಿನ ಹತ್ತಿರ ಒಂದು ಗ್ರೂವ್ ತೆಗೆದೆ, ಹನಿ ಅಲ್ಲೇ ತುಂಡಾಗಿ ಬೀಳಲಿ ಎಂದು. ನಿಲುವಿನ ನಾಲಿಗೆ (ತೂತಿನೊಳಗೆ ಕೂರಲೆಂದು ತುದಿಯಲ್ಲಿ ಬಿಟ್ಟ ತೆಳು ಭಾಗ) ಕೂರುವ ತೂತಿನ ತಳದಿಂದ ಕೆಳಕ್ಕೆ ಚಿಕ್ಕ ತೂತು ಕೊರೆದೆ. ಒಳಗೆ ನೀರು ಹೋದರೂ ಅದಕ್ಕೆ ಹೊರಗೆ ಬರಲು ದಾರಿ ಇರಬೇಕಲ್ವಾ? ಹೊಸ್ತಿಲನ್ನು ನೇರವಾಗಿ ಕಲ್ಲಿನ ಮೇಲೆ ಇಡದೆ ನಡುವೆ ನೀರು ತಡೆಯುವ ಹಾಳೆ ಹಾಸಿದೆ. ಹಳೆ ಬೀಚ್ ಬರೀ ಕಲ್ಲಿನ ಮೇಲೆ ಕೂತಿತ್ತು.

ಕದ

ಕದದ ಅಳತೆ 2000 × 800, ದಪ್ಪ 40 ಮಿ.ಮೀ. ಎರಡು ಉದ್ದಪಟ್ಟಿ, ಮೂರು ಅಡ್ಡಪಟ್ಟಿ, ನಡುವೆ 18 ಮಿ.ಮೀ. ಹಲಗೆಗಳು. ಪೈನ್‌ನಲ್ಲಿ ಇದು ಸುಮಾರು 23 ಕೆ.ಜಿ. ಆಗುತ್ತದೆ. ಅದೇ ಅಳತೆಗೆ ಓಕ್ ಹಾಕಿದರೆ 32ರ ಹತ್ತಿರ. ಆ ಹೆಚ್ಚಿನ ಭಾರವನ್ನು ಪ್ರತಿದಿನ ಹೊರಬೇಕಾದದ್ದು ಹಳೆ ಪೈನ್ ನಿಲುವಿನಲ್ಲಿ ಕೂತ ಕೀಲುಗಳು. ಕದ ಹಗುರವಾಗಿದ್ದರೆ ಕೂಡುಗಳಿಗೂ ಸುಖ. ಬಣ್ಣ ಹೊಡೆಯುವ ಕದಕ್ಕೆ ಒಳ್ಳೆಯ ಪೈನ್‌ಗಿಂತ ಸರಿಯಾದ ಮರವನ್ನು ನಾನು ಬೇರೆ ಕಾಣೆ.

ಕೂಡುಗಳೆಲ್ಲ ತೂತು–ನಾಲಿಗೆಯವು. ನಾಲಿಗೆಯ ದಪ್ಪ ಪಟ್ಟಿಯ ಮೂರನೇ ಒಂದು ಪಾಲು ಎಂಬ ಲೆಕ್ಕಕ್ಕೆ 13 ಮಿ.ಮೀ. ಬರುತ್ತದೆ. ನನ್ನ ಉಳಿ 12 ಮಿ.ಮೀ., ಅದಕ್ಕೇ ಹೊಂದಿಸಿಕೊಂಡೆ. ಕೆಳಗಿನ ಅಡ್ಡಪಟ್ಟಿ 200 ಮಿ.ಮೀ. ಅಗಲ. ಅಲ್ಲಿ ಒಂದೇ ಅಗಲ ನಾಲಿಗೆ ಮಾಡಿದರೆ ಅದು ಕುಗ್ಗಿ ಸಡಿಲವಾಗುತ್ತದೆ, ಉದ್ದಪಟ್ಟಿಯಲ್ಲೂ ತೀರಾ ಉದ್ದನೆಯ ತೂತು ಬೀಳುತ್ತದೆ. ಅದನ್ನು ಎರಡು ನಾಲಿಗೆಗಳಾಗಿ ಒಡೆದೆ.

ಪೈನ್‌ಗೂ ತೇಗಕ್ಕೂ ಇರುವ ವ್ಯತ್ಯಾಸ ಕೈಗೆ ತಿಳಿಯುವುದು ಇಲ್ಲಿ. ಮೆತ್ತನೆ ಮರಕ್ಕೆ ಮೊಂಡು ಉಳಿ ನಡೆಯುತ್ತೆ ಎಂದುಕೊಳ್ಳಬೇಡಿ. ನಿಜ ಅದರ ತಿರುಗಾ ಮುರುಗಾ. ಪೈನ್‌ನ ಉಂಗುರದಲ್ಲಿ ಮೆತ್ತನೆ ಪದರ, ಗಟ್ಟಿ ಪದರ ಒಂದಾದ ಮೇಲೊಂದು ಬರುತ್ತವೆ. ಉಳಿ ಸ್ವಲ್ಪ ಮೊಂಡಾದರೂ ಮೆತ್ತನೆ ಪದರ ಕತ್ತರಿಸಿಕೊಳ್ಳದೆ ನುಜ್ಜಾಗುತ್ತದೆ, ತುದಿಭಾಗ ಪುಡಿಪುಡಿಯಾಗಿ ಎದ್ದು ಬರುತ್ತದೆ. ಪೈನ್‌ಗೆ 25 ಡಿಗ್ರಿಯ ಚೂಪು ಅಂಚು, ತುಂಬಾ ಹರಿತ. ತೇಗಕ್ಕೆ ಅಂಚನ್ನು 30–35 ಡಿಗ್ರಿಗೆ ಏರಿಸಿದೆ. ತೇಗ ಸುಲಭವಾಗಿ ಕತ್ತರಿಸುತ್ತದೆ, ಚೊಕ್ಕ ಮುಖ ಕೊಡುತ್ತದೆ. ಆದರೆ ಅದರೊಳಗೆ ಸಿಲಿಕಾ ಇದೆ, ಅದು ಅಂಚನ್ನು ಬೇಗ ತಿಂದುಹಾಕುತ್ತದೆ. ಸಾಣೆಕಲ್ಲು ಪಕ್ಕದಲ್ಲೇ ಇರಬೇಕು. ಕೂಡು ಕೂರಿಸುವಾಗಲೂ ಹಾಗೆ. ಪೈನ್‌ನಲ್ಲಿ ನಾಲಿಗೆ ಕೂದಲೆಳೆಯಷ್ಟು ಬಿಗಿ ಇದ್ದರೆ ಒತ್ತಿಕೊಂಡು ಕೂರುತ್ತದೆ. ತೇಗ ಹಾಗೆ ಬಗ್ಗುವುದಿಲ್ಲ. ಕೊಡತಿಯಲ್ಲಿ ಹೊಡೆದು ಕೂರಿಸಲು ಹೋದರೆ ತೂತಿನ ಪಕ್ಕ ಸೀಳುತ್ತದೆ. ಗೆರೆಗೆ ಸರಿಯಾಗಿ ಕತ್ತರಿಸಲೇಬೇಕು.

ಕೂಡುಗಳಿಗೆ ಅಂಟಿನ ಜೊತೆ ಮರದ ಗೂಟವನ್ನೂ ಹಾಕಿದೆ. ಗೂಟಕ್ಕೆ ಹಾರ್ಡ್‌ವುಡ್ಡೇ ಬೇಕು, ಅದರಲ್ಲೂ ಗರಗಸದಲ್ಲಿ ಕೊಯ್ಯದೆ ಎಳೆಯ ಗುಂಟ ಸೀಳಿ ಮಾಡಿದ್ದು. ಓಕ್ ಚೂರುಗಳಿದ್ದವು, ಅವನ್ನು ಸೀಳಿ 10 ಮಿ.ಮೀ. ದಪ್ಪಕ್ಕೆ ಸವರಿದೆ. ನಾಲಿಗೆಯಲ್ಲಿನ ತೂತನ್ನು ಭುಜದ (ನಾಲಿಗೆ ಶುರುವಾಗುವ ಬುಡದ) ಕಡೆಗೆ 2 ಮಿ.ಮೀ.ನಷ್ಟು ಸರಿಸಿ ಕೊರೆದರೆ ಗೂಟ ಹೊಡೆದಾಗ ಕೂಡು ತಾನಾಗಿ ಎಳೆದುಕೊಂಡು ಬಿಗಿಯಾಗುತ್ತದೆ. ಹೊಸ್ತಿಲಿನ ತೇಗದ ಕೂಡಿಗೆ ಒಂದೇ ಮಿ.ಮೀ. ಸರಿಸಿದೆ, ಅದು ಒತ್ತಿಕೊಳ್ಳದ ಮರ.

ನಡುವಿನ ಹಲಗೆಗಳಿಗೆ ಅಂಟು ಹಾಕಲೇಬಾರದು. 600 ಮಿ.ಮೀ. ಅಗಲದ ಪೈನ್ ಹಲಗೆ, ತೇವ ಶೇ. 6 ಏರಿಳಿದರೆ, ನೆಟ್ಟಗೆ ಕೊಯ್ದಿದ್ದಾದರೂ 6 ಮಿ.ಮೀ. ಆಡುತ್ತದೆ. ಅಡ್ಡ ಕೊಯ್ತದ್ದಾದರೆ 9–10. ಹಲಗೆಯ ಅಂಚು ಕೂರುವ ಗ್ರೂವ್ ಅನ್ನು 14 ಮಿ.ಮೀ. ಆಳ ಮಾಡಿ ಎರಡೂ ಪಕ್ಕ ಜಾಗ ಬಿಟ್ಟೆ. ಹಲಗೆಗೆ ಬಣ್ಣದ ಮೊದಲ ಕೈಯನ್ನು ಜೋಡಿಸುವ ಮುಂಚೆಯೇ ಹೊಡೆದಿಟ್ಟೆ. ಇಲ್ಲದಿದ್ದರೆ ಅದು ಕುಗ್ಗಿದಾಗ ಅಂಚಿನಲ್ಲಿ ಬಣ್ಣವಿಲ್ಲದ ಬಿಳಿ ಪಟ್ಟಿ ಕಾಣುತ್ತದೆ.

ಸ್ಕ್ರೂ, ಕೀಲು, ಬಣ್ಣ

ಸ್ಕ್ರೂ ಹಾಕುವ ಮೊದಲ ತೂತಿನ ಅಳತೆ ಎರಡು ಮರಕ್ಕೂ ಬೇರೆ. ಸ್ಕ್ರೂವಿನ ಎಳೆ ಬಿಟ್ಟು ಒಳದಿಂಡು 3 ಮಿ.ಮೀ. ಇದ್ದರೆ ಪೈನ್‌ಗೆ ಸುಮಾರು 2 ಮಿ.ಮೀ., ತೇಗಕ್ಕೆ 2.7. ಸಾಫ್ಟ್‌ವುಡ್‌ಗೆ ದಿಂಡಿನ ಶೇ. 70, ಹಾರ್ಡ್‌ವುಡ್‌ಗೆ ಶೇ. 90 ಎಂದು ನೆನಪಿಟ್ಟುಕೊಂಡರೆ ಸಾಕು. ಎಲ್ಲವೂ ಸ್ಟೇನ್‌ಲೆಸ್ ಸ್ಟೀಲ್. ಓಕ್‌ನಲ್ಲಿರುವ ಟ್ಯಾನಿನ್ ಕಬ್ಬಿಣ ತಾಗಿ ಒದ್ದೆಯಾದರೆ ಕಪ್ಪು ಕಲೆ ಆಗುತ್ತದೆ, ಬರೀ ಕಬ್ಬಿಣದ ಸ್ಕ್ರೂ ಹೊರಗಿನ ಕೆಲಸಕ್ಕೆ ಬೇಡವೇ ಬೇಡ.

ಹಳೆ ನಿಲುವಿನಲ್ಲಿ ಕೀಲಿನ ಸ್ಕ್ರೂ ತೂತುಗಳು ಅಗಲವಾಗಿದ್ದವು. ಉರುಟು ಕಡ್ಡಿ ತುರುಕಿ ಮುಚ್ಚುವುದು ರೂಢಿ. ಆದರೆ ಕಡ್ಡಿಯ ತುದಿಗೆ ಸ್ಕ್ರೂ ಹಾಕಿದರೆ ಎಳೆಯ ಗುಂಟ ಹೋಗುತ್ತದೆ, ಹಿಡಿತ ಕಡಿಮೆ. ನಾನು ಕೀಲಿನ ಉದ್ದಕ್ಕೂ ಪೈನ್ ಅನ್ನು ತೋಡಿ ಗಟ್ಟಿ ಮರದ ಪಟ್ಟಿಯನ್ನು, ಎಳೆ ನಿಲುವಿನ ದಿಕ್ಕಿಗೇ ಬರುವಂತೆ, ಅಂಟಿಸಿದೆ. ಈಗ ಸ್ಕ್ರೂ ಎಳೆಗೆ ಅಡ್ಡಲಾಗಿ ಕಚ್ಚುತ್ತದೆ.

ಪೈನ್‌ನ ಗಂಟುಗಳಿಗೆ ಶೆಲ್ಲಾಕ್ (ಅರಗಿನ ವಾರ್ನಿಷ್) ಎರಡು ಕೈ. ಇಲ್ಲದಿದ್ದರೆ ರಾಳ ಬಣ್ಣದ ಮೇಲೆ ಹಳದಿಯಾಗಿ ಏಳುತ್ತದೆ. ಗಾಢ ಬಣ್ಣ ಬಿಸಿಲಿಗೆ ಜಾಸ್ತಿ ಕಾಯುತ್ತದೆ, ರಾಳ ಕರಗಿ ಹೊರಬರುತ್ತದೆ. ಅದಕ್ಕೇ ತಿಳಿ ಬಣ್ಣ ಆರಿಸಿದೆ. ಪೈನ್‌ನ ಬಿಳಿ ಭಾಗ ಕೊಳೆನಿರೋಧಕ ದ್ರಾವಣವನ್ನು ಚೆನ್ನಾಗಿ ಹೀರುತ್ತದೆ. ಇದು ಅದರ ದೊಡ್ಡ ಗುಣ, ಸ್ಪ್ರೂಸ್ ಹಾಗೆ ಹೀರುವುದಿಲ್ಲ. ಕೊಯ್ದ ಪ್ರತಿ ತುದಿಗೂ ದ್ರಾವಣ ಕುಡಿಸಿದೆ. ಎಳೆಗಳ ಬಾಯಿ ತೆರೆದಿರುವುದು ತುದಿಯಲ್ಲೇ, ನೀರು ನುಗ್ಗುವುದೂ ಅಲ್ಲೇ. ತೇಗಕ್ಕೆ ಬಣ್ಣ ಹಾಕಲಿಲ್ಲ. ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ, ಬರೀ ಮೇಲ್ಮೈ ಅಷ್ಟೇ, ಒಳಗಿನ ಮರಕ್ಕೇನೂ ಆಗುವುದಿಲ್ಲ.

ಮರ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಮೊದಲ ಗುಂಪಿನಲ್ಲೇ ಸೇರಿಸಿದೆ. ಮೂಗಿನ ಕ್ಯಾನ್ಸರ್ ವಿಷಯದಲ್ಲಿ ಓಕ್, ಬೀಚ್‌ನಂಥ ಹಾರ್ಡ್‌ವುಡ್ ಧೂಳಿನ ಮೇಲೆ ಪುರಾವೆ ಬಲವಾಗಿದೆ.

ಕದ ಕೂರಿಸುವಾಗ ಸುತ್ತ 3 ಮಿ.ಮೀ. ಸಂದಿ ಬಿಟ್ಟೆ. ಒಣ ದಿನಗಳಲ್ಲಿ ಕೂರಿಸಿದ್ದರಿಂದ ಅದಕ್ಕಿಂತ ಬಿಗಿ ಮಾಡಿದರೆ ಮಳೆಗಾಲದಲ್ಲಿ ಹಿಡಿಯುತ್ತಿತ್ತು. ಕದದ ಮೇಲಿನ, ಕೆಳಗಿನ ಅಂಚಿಗೆ ನೇತುಹಾಕುವ ಮೊದಲೇ ಬಣ್ಣ ಹೊಡೆದೆ.

ಮಳೆಗಾಲ ಒಂದು ಸುತ್ತು ಜೋರಾಗಿ ಹೊಡೆದ ಮೇಲೆ ಮೀಟರ್ ಚುಚ್ಚಿ ನೋಡಿದೆ. ತೇಗದ ಬುಡದಲ್ಲಿ ಶೇ. 16, ಕೂಡಿನ ಮೇಲಿನ ಹಳೆ ಪೈನ್‌ನಲ್ಲಿ ಶೇ. 17, ಕದದ ಕೆಳ ಅಡ್ಡಪಟ್ಟಿಯಲ್ಲಿ ಶೇ. 15. ಚಿಲಕದ ಪಕ್ಕದ ಸಂದಿ 2 ಮಿ.ಮೀ.ಗೆ ಇಳಿದಿದೆ, ಕದ ಎಲ್ಲೂ ಹಿಡಿಯುತ್ತಿಲ್ಲ. ನೀರಿಳಿಸುವ ಪಟ್ಟಿಯ ಬಲ ತುದಿಯ ಹತ್ತಿರ ಬಣ್ಣದಲ್ಲಿ ಕೂದಲಿನಷ್ಟು ಬಿರುಕು ಕಂಡಿದೆ, ಅಲ್ಲಿ ತೇಗವೂ ಪೈನೂ ಸೇರುತ್ತವೆ. ಮಳೆ ನಿಂತು ಮರ ಒಣಗಿದ ಮೇಲೆ ಆ ಸಂದಿಯನ್ನು ಕೆರೆದು, ಎಳೆದರೆ ಹಿಗ್ಗುವಂಥ ಸೀಲಂಟ್ ತುಂಬಿ, ಮೇಲೆ ಒಂದು ಕೈ ಬಣ್ಣ ಹೊಡೆಯುವುದು ಬಾಕಿ ಇದೆ.